ನಾಡುಕಾಣಿ ಘಾಟಿ ಹತ್ತಿದ ಮದುವೆಗಳು

ಮೈಸೂರಿನಿಂದ ಹೊರಟು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ, ತೆಪ್ಪಕಾಡಿನ ಕಾಡು ಕಳೆದು ಗೂಡಲೂರು ಮುಟ್ಟಬೇಕು. ಅಲ್ಲಿಂದ ನಾಡುಕಾಣಿ ಘಾಟಿಯ ತಿರುವುಗಳನ್ನು ಇಳಿದರೆ ನಿಲಂಬೂರು. ಮೂರು ರಾಜ್ಯಗಳ ಮಣ್ಣು ತುಳಿಯುವ ದಾರಿ ಇದು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ತೇಗದ ತೋಪು ಬೆಳೆಸಿದ್ದು ಈ ನಿಲಂಬೂರಿನಲ್ಲೇ. ಗುಂಡ್ಲುಪೇಟೆಯ ತರಕಾರಿ ಮತ್ತು ಹೂವು ಈ ದಾರಿಯಲ್ಲಿ ಕೇರಳಕ್ಕೆ ಇಳಿಯುತ್ತವೆ. ಕೂಲಿಗೆ, ವ್ಯಾಪಾರಕ್ಕೆ, ಓದಿಗೆಂದು ಮಲಯಾಳಿಗಳು ಮೈಸೂರಿಗೆ ಹತ್ತುತ್ತಾರೆ. ಹೀಗೆ ಹತ್ತಿದವರಲ್ಲಿ ಮದುವೆಯಾಗಿ ಬಂದ ಮುಸ್ಲಿಂ ಹುಡುಗಿಯರೂ ಇದ್ದರು. ಮಲಪ್ಪುರಂ ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ಅವರ ಮದುವೆಗೆ ಒಂದು ಹೆಸರೇ ಹುಟ್ಟಿಕೊಂಡಿತು: ಮೈಸೂರು ಕಲ್ಯಾಣಂ.

ಕೇರಳದಲ್ಲಿ ಈ ಹೆಸರು ಕೇಳಿದೊಡನೆ ಜನರ ಮುಖ ಸಪ್ಪಗಾಗುತ್ತದೆ. ಮೈಸೂರಿನಲ್ಲಿ ಇದನ್ನು ಕೇಳಿದವರೇ ಕಡಿಮೆ. ನಮ್ಮ ಊರಿನ ಹೆಸರು ಹೊತ್ತ ಒಂದು ದುಃಖ ನಮಗೇ ಗೊತ್ತಿಲ್ಲದಿರುವುದು ಸರಿಯಲ್ಲ ಎಂಬ ಕಾರಣಕ್ಕೇ ಈ ಲೇಖನ.

ಕಥೆಯ ಬೇರು ಹಣದಲ್ಲಿದೆ. 1970ರ ದಶಕದಿಂದ ಮಲಬಾರಿನ ಗಂಡಸರು ಕೊಲ್ಲಿ ದೇಶಗಳಿಗೆ ಹೊರಟರು. ಹಣ ಬಂತು, ಮನೆ ಎದ್ದವು, ಮದುವೆಯ ಖರ್ಚೂ ಏರಿತು. ಷರಿಯತ್ತಿನ ಪ್ರಕಾರ ಮದುವೆಯಲ್ಲಿ ಕೊಡಬೇಕಾದವನು ಗಂಡು. ಹೆಣ್ಣಿಗೆ ಸಲ್ಲುವ ಮಹರ್ ಇಲ್ಲದೆ ನಿಕಾಹ್ ಇಲ್ಲ. ಆದರೆ ಮಲಬಾರಿನ ಮದುವೆಪೇಟೆಯಲ್ಲಿ ಕೊಡುವ ಕೈ ತಿರುಗಿತು. ಹುಡುಗಿಯ ಮೈಮೇಲೆ ಎಷ್ಟು ಪವನ್ ಚಿನ್ನ, ಹುಡುಗನ ಕೈಗೆ ಎಷ್ಟು ರೊಕ್ಕ ಎಂಬುದರ ಮೇಲೆ ಸಂಬಂಧ ಕುದುರತೊಡಗಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಾಗದದಲ್ಲಿ ಉಳಿಯಿತು. ಗಲ್ಫಿಗೆ ಯಾರನ್ನೂ ಕಳಿಸಲಾಗದ ಮನೆಗಳು, ಅಂದರೆ ರಬ್ಬರ್ ತೋಟದ ಕೂಲಿಗಳು, ಮರ ಕಡಿಯುವವರು, ತಂದೆಯಿಲ್ಲದ ಸಂಸಾರಗಳು, ತಮ್ಮ ಊರಿನ ಗಂಡುಗಳ ಬೆಲೆಯನ್ನು ಮುಟ್ಟಲಾರದೆ ಕುಳಿತವು. ಹುಡುಗಿಗೆ ಹದಿನೆಂಟು ತುಂಬುವ ಮೊದಲೇ ನೆರೆಹೊರೆಯವರ ಬಾಯಿ ಶುರುವಾಗುತ್ತಿತ್ತು. ಆಗ ದಲ್ಲಾಳಿ ಬಂದ. ಘಟ್ಟದ ಮೇಲೆ ಮೈಸೂರು ಕಡೆ ಒಬ್ಬ ಹುಡುಗನಿದ್ದಾನೆ, ದೀನ್‌ನವರೇ, ವರದಕ್ಷಿಣೆ ಕೇಳುವುದಿಲ್ಲ, ಮದುವೆ ಖರ್ಚಿಗೆ ಸ್ವಲ್ಪ ಕೊಟ್ಟರೆ ಸಾಕು.

ಇಂಥ ಮಾತಿಗೆ ಬಡ ತಾಯಿ ತಂದೆ ಮರುಳಾದರೆಂದು ಅವರನ್ನು ಬಯ್ಯುವುದು ಸುಲಭ. ಅವರ ಮುಂದೆ ಇದ್ದ ಇನ್ನೊಂದು ದಾರಿ ಮನೆ ಅಡವಿಡುವುದು. ಮನೆಯೂ ಇಲ್ಲದವರಿಗೆ ಆ ದಾರಿಯೂ ಇರಲಿಲ್ಲ.

ಮಲಬಾರಿನವರ ಬಾಯಲ್ಲಿ ಮೈಸೂರು ಎಂದರೆ ಮೈಸೂರು ನಗರವೊಂದೇ ಅಲ್ಲ, ಘಟ್ಟದ ಮೇಲಿನ ಕನ್ನಡ ಸೀಮೆಯಲ್ಲಿ ಸಾಕಷ್ಟು ದೂರದವರೆಗೆ ಆ ಹೆಸರು ಹರಡುತ್ತದೆ. ಆದರೆ ನಗರದ ಪಾಲೂ ಇತ್ತು. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾಗಳ ಹಳೇ ಬೀದಿಗಳು ತುಂಬಿ, ಉದಯಗಿರಿ, ರಾಜೀವ್ ನಗರ, ಗೌಸಿಯಾ ನಗರ, ಶಾಂತಿನಗರಗಳಲ್ಲಿ ಹೊಸ ಬಡಾವಣೆಗಳು ಎದ್ದ ಕಾಲ ಅದು. ಮನೆಯಲ್ಲೇ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರು, ಆಟೋ ಓಡಿಸುವ, ಗ್ಯಾರೇಜಿನಲ್ಲಿ ದುಡಿಯುವ, ಗಾಡಿಯಲ್ಲಿ ಹಣ್ಣು ಮಾರುವ ಗಂಡಸರು ಅಲ್ಲಿ ನೆಲೆನಿಂತರು. ಮನೆಮಾತು ದಖ್ಖನಿ ಉರ್ದು, ಬೀದಿಯ ಮಾತು ಕನ್ನಡ. ನಿಲಂಬೂರಿನ ಹುಡುಗಿಗೆ ಎರಡೂ ಬಾರದು. ಅವಳ ಮಾತು ಮಲಯಾಳ, ಓದಿದ ಮದರಸಾದಲ್ಲಿ ಅರಬಿಮಲಯಾಳದ ಪಾಠ. ಹುಟ್ಟಿದ ಮನೆಯವರು ಶಾಫಿ ಪಂಥದವರು, ಸೇರಿದ ಮನೆಯವರು ಹನಫಿಗಳು. ನಮಾಜಿನಲ್ಲಿ ಕೈ ಕಟ್ಟುವ ರೀತಿಯಿಂದ ಹಿಡಿದು ಹಲವು ಸಣ್ಣ ವ್ಯತ್ಯಾಸಗಳ ನಡುವೆ ಅವಳು ಒಂಟಿಯಾಗಿ ನಿಲ್ಲಬೇಕಿತ್ತು.

ಮದುವೆ ನಡೆಯುತ್ತಿದ್ದುದು ಹುಡುಗಿಯ ಊರಿನಲ್ಲಿ. ಮಲಬಾರಿನ ನಿಕಾಹ್‌ನಲ್ಲಿ ಹುಡುಗಿಯ ತಂದೆ ತಾನೇ ವಲಿಯಾಗಿ, ಅಂದರೆ ಪೋಷಕನಾಗಿ, ಹುಡುಗನ ಕೈ ಹಿಡಿದು, ಇಂತಿಷ್ಟು ಮಹರಿಗೆ ನನ್ನ ಮಗಳನ್ನು ಕೊಟ್ಟಿದ್ದೇನೆ ಎನ್ನುತ್ತಾನೆ; ಹುಡುಗ ಒಪ್ಪಿದೆ ಎನ್ನುತ್ತಾನೆ. ಇಬ್ಬರು ಸಾಕ್ಷಿಗಳು ಕೇಳಿಸಿಕೊಳ್ಳುತ್ತಾರೆ. ಹುಡುಗಿ ಆ ಕೂಟದಲ್ಲಿ ಇರುವುದಿಲ್ಲ, ಒಳಮನೆಯಲ್ಲಿರುತ್ತಾಳೆ. ಪಳ್ಳಿಯ, ಅಂದರೆ ಮಸೀದಿಯ, ಪುಸ್ತಕದಲ್ಲಿ ಬರೆಯುವುದು ಇಷ್ಟು: ಹುಡುಗನ ಹೆಸರು, ಅವನ ತಂದೆಯ ಹೆಸರು, ವಯಸ್ಸು, ವಿಳಾಸ, ಹುಡುಗಿಯದೂ ಹಾಗೆಯೇ, ಮಹರ್ ಎಷ್ಟು, ಸಾಕ್ಷಿಗಳು ಯಾರು, ರುಜು. ಹುಡುಗನ ವಿಳಾಸ ಅವನು ಹೇಳಿದ್ದೇ. ಅವನೊಡನೆ ಬಂದ ಅಣ್ಣ, ಮಾವ, ಚಿಕ್ಕಪ್ಪಂದಿರು ನಿಜಕ್ಕೂ ಸಂಬಂಧಿಕರೋ ದಲ್ಲಾಳಿ ಕೂಡಿಸಿ ತಂದವರೋ ಎಂದು ಕೇಳುವವರಿಲ್ಲ. ಈಗಾಗಲೇ ಹೆಂಡತಿ ಇದ್ದಾಳೆಯೇ ಎಂಬ ಪ್ರಶ್ನೆಗೆ ಆ ಪುಟದಲ್ಲಿ ಜಾಗವೇ ಇರಲಿಲ್ಲ. ಸಂಜೆಯ ಹೊತ್ತಿಗೆ ಬಸ್ಸು ಘಾಟಿ ಹತ್ತಿರುತ್ತಿತ್ತು.

ಮುಂದಿನದನ್ನು ವರದಿ ಮಾಡಿದ ಕೇರಳದ ಪತ್ರಕರ್ತರಿಗೆ, ದೂರು ಕೇಳಿದ ಮಹಿಳಾ ಕಾರ್ಯಕರ್ತೆಯರಿಗೆ ಮತ್ತೆಮತ್ತೆ ಸಿಕ್ಕಿದ್ದು ಬಹುಪಾಲು ಒಂದೇ ಬಗೆಯ ಕಥೆ. ಮನೆ ತಲುಪಿದ ಮೇಲೆ ಗೊತ್ತಾಗುತ್ತದೆ, ಒಳಗೆ ಇನ್ನೊಬ್ಬಳಿದ್ದಾಳೆ, ಅವಳಿಗೆ ಮಕ್ಕಳೂ ಇವೆ. ಹೇಳಿದ ವಯಸ್ಸು ಸುಳ್ಳು, ಹೇಳಿದ ಕೆಲಸ ಸುಳ್ಳು. ಮೈಮೇಲೆ ಇದ್ದ ನಾಲ್ಕು ಕಾಸಿನ ಚಿನ್ನ ಕೆಲವು ತಿಂಗಳಲ್ಲೇ ಕರಗುತ್ತದೆ. ಕೆಲವರನ್ನು ಭಿಕ್ಷೆಗೆ ಹಚ್ಚಿದರು, ಕೆಲವರನ್ನು ಅದಕ್ಕಿಂತ ಕೆಟ್ಟದ್ದಕ್ಕೆ ತಳ್ಳಿದರು. ಹೆಚ್ಚಿನವರು ಕಂಕುಳಲ್ಲಿ ಒಂದು ಮಗು, ಹೊಟ್ಟೆಯಲ್ಲೊಂದು ಮಗು ಹೊತ್ತು ಅದೇ ಘಾಟಿ ಇಳಿದು ತವರಿಗೆ ವಾಪಸಾದರು. ಗಂಡ ತಲಾಕ್ ಕೊಡಲಿಲ್ಲ, ಜೀವನಾಂಶವನ್ನೂ ಕೊಡಲಿಲ್ಲ, ಕೊಟ್ಟ ವಿಳಾಸದಲ್ಲಿ ಸಿಗಲೂ ಇಲ್ಲ. ಎಲ್ಲಾ ಮೈಸೂರು ಕಲ್ಯಾಣಗಳೂ ಹೀಗೆಯೇ ಮುಗಿದವು ಎಂದರೆ ತಪ್ಪಾಗುತ್ತದೆ. ಉರ್ದು ಕಲಿತು, ಕನ್ನಡ ಕಲಿತು, ಮಕ್ಕಳನ್ನು ಓದಿಸಿ ನೆಮ್ಮದಿಯಿಂದ ಬಾಳಿದವರೂ ಇದ್ದಾರೆ. ಆದರೆ ಕೆಟ್ಟವು ಎಷ್ಟು ಹೆಚ್ಚಿದವೆಂದರೆ ಹೆಸರಿಗೇ ಮಸಿ ಹತ್ತಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಬ್ಬಳನ್ನು ಮರೆಯುತ್ತಾರೆ. ಮೈಸೂರಿನ ಮೊಹಲ್ಲಾದಲ್ಲಿ ಬೀಡಿ ಕಟ್ಟುತ್ತಾ ಕುಳಿತ ಮೊದಲ ಹೆಂಡತಿ. ಊರಿಗೆ ಹೋಗಿ ಬರುತ್ತೇನೆಂದು ಹೋದ ಗಂಡ ಒಂದು ಸಂಜೆ ಹೊಸ ಹುಡುಗಿಯೊಡನೆ ಬಾಗಿಲಲ್ಲಿ ನಿಂತಾಗ ಮೋಸ ಹೋದವರು ಇಬ್ಬರು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಥವಾಗದೆ, ಒಂದೇ ಒಲೆಯ ಮುಂದೆ ಇಬ್ಬರೂ ಸವತಿಯರಾಗಿ ಕೂರಬೇಕಾಯಿತು.

ಇದನ್ನು ಪೊಲೀಸರ ಬಳಿ ಕೊಂಡೊಯ್ದರೆ ಎದುರಾಗುತ್ತಿದ್ದ ಗೋಡೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಮದುವೆಯನ್ನು ಮುಚ್ಚಿಟ್ಟು ಎರಡನೆಯದಾಗುವುದು 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯಲ್ಲಿ ದೊಡ್ಡ ಅಪರಾಧವೇ ಆಗಿತ್ತು. ಕಲಂ 494 ಇದ್ದದ್ದು ದ್ವಿಪತ್ನಿತ್ವಕ್ಕೆ, ಮುಚ್ಚಿಟ್ಟರೆ ಇನ್ನೂ ಕಠಿಣ ಶಿಕ್ಷೆ ಕೊಡುವ 495 ಅದರ ಬೆನ್ನಿಗೆ. ಆದರೆ ಎರಡೂ ಅನ್ವಯವಾಗಲು ಒಂದು ಷರತ್ತಿತ್ತು: ಎರಡನೇ ಮದುವೆ ಕಾನೂನಿನ ಕಣ್ಣಲ್ಲಿ ಅಸಿಂಧುವಾಗಿರಬೇಕಿತ್ತು. 1937ರ ಷರಿಯತ್ ಅನ್ವಯ ಕಾಯ್ದೆಯ ಪ್ರಕಾರ ಮುಸ್ಲಿಮರ ಮದುವೆಗೆ ಷರಿಯತ್ತೇ ಕಾನೂನು. ಅದರಲ್ಲಿ ಗಂಡಸಿನ ಎರಡನೇ ನಿಕಾಹ್ ಅಸಿಂಧುವಲ್ಲ. ಹಾಗಾಗಿ ಅವನು ಸುಳ್ಳು ಹೇಳಿದ್ದರೂ ಮದುವೆ ಊರ್ಜಿತ, ಮದುವೆ ಊರ್ಜಿತವಾದ್ದರಿಂದ ಈ ಕಲಂಗಳ ಅಪರಾಧವಿಲ್ಲ. ಉಳಿದದ್ದು ವಂಚನೆಯ ಸಾಮಾನ್ಯ ಕಲಂ. ಅದಕ್ಕೆ ಪುರಾವೆ ಬೇಕು, ಅವನು ಹೀಗೆ ಹೇಳಿದ್ದ ಎಂಬುದಕ್ಕೆ ಬರಹ ಬೇಕು. ಪಳ್ಳಿಯ ಪುಸ್ತಕದಲ್ಲಿ ಆ ಪ್ರಶ್ನೆಯನ್ನೇ ಕೇಳಿಲ್ಲದ ಮೇಲೆ ಬರಹ ಎಲ್ಲಿಂದ ಬರಬೇಕು?

ಹೀಗೆಂದು ಷರಿಯತ್ತು ಮೋಸಗಾರನ ಪರ ನಿಂತಿದೆ ಎಂದು ತೀರ್ಮಾನಿಸಿದವರು ಅದರ ಇತಿಹಾಸವನ್ನು ಓದಿಲ್ಲ. ನಿಕಾಹ್ ಒಂದು ಕರಾರು. ಕರಾರಿನಲ್ಲಿ ಮೋಸ ನಡೆಯದಂತೆ ನೋಡಿಕೊಳ್ಳುವ ಬೀಗಗಳು ಅದರಲ್ಲಿ ಮೊದಲಿನಿಂದಲೂ ಇವೆ. ನಿಕಾಹ್ ಗುಟ್ಟಾಗಿ ನಡೆಯಬಾರದು, ದಫ್ ಬಾರಿಸಿ ಊರಿಗೆಲ್ಲ ಗೊತ್ತಾಗುವಂತೆ ನಡೆಯಬೇಕು ಎಂಬ ಸಂಪ್ರದಾಯ ಪ್ರವಾದಿಯ ಕಾಲದ್ದು. ಮದೀನಾದ ಖನ್ಸಾ ಬಿಂತ್ ಖಿದಾಮ್ ಎಂಬ ಹೆಂಗಸನ್ನು ಅವಳ ಒಪ್ಪಿಗೆಯಿಲ್ಲದೆ ತಂದೆ ಮದುವೆ ಮಾಡಿಕೊಟ್ಟಾಗ ಅವಳು ಪ್ರವಾದಿಯ ಮುಂದೆ ಹೋಗಿ ದೂರಿದಳು, ಆ ಮದುವೆ ರದ್ದಾಯಿತು. ತನ್ನ ವಂಶದ ಬಗ್ಗೆ ಸುಳ್ಳು ಹೇಳಿ ಮದುವೆಯಾದವನ ವಿಷಯದಲ್ಲಿ ಹೆಣ್ಣಿನ ಕಡೆಯವರು ಮದುವೆ ಮುರಿಯಲು ಕೇಳಬಹುದು ಎಂದು ಹನಫಿ ಪಂಡಿತರು ಬರೆದರು. ಆದರೆ ಇನ್ನೊಬ್ಬ ಹೆಂಡತಿ ಇರುವುದನ್ನು ಅವರು ದೋಷವೆಂದು ಎಣಿಸಲಿಲ್ಲ; ಅನುಮತಿ ಇರುವ ಸಂಗತಿ ದೋಷ ಹೇಗಾದೀತು ಎಂಬುದು ಅವರ ತರ್ಕ. ಆ ಭಯವಿದ್ದ ಹೆಣ್ಣು ಅದನ್ನು ಮೊದಲೇ ಷರತ್ತಾಗಿ ಬರೆಸಿಕೊಳ್ಳಬೇಕಿತ್ತು.

ಬರೆಸಿಕೊಂಡವರೂ ಇದ್ದರು. ಎಂಟನೇ ಶತಮಾನದಲ್ಲಿ ಅಬ್ಬಾಸಿ ಖಲೀಫ ಅಲ್‌ ಮನ್ಸೂರ್‌ನ ಹೆಂಡತಿ ಉಮ್ ಮೂಸಾ, ತಾನು ಬದುಕಿರುವವರೆಗೆ ಬೇರೊಬ್ಬಳನ್ನು ತರಕೂಡದು ಎಂದು ಬರೆಸಿಕೊಂಡಿದ್ದಳು. ಖಲೀಫನೇ ಆದರೂ ಆ ಕರಾರಿನಿಂದ ಬಿಡಿಸಿಕೊಳ್ಳಲಾಗಲಿಲ್ಲ ಎಂದು ಇತಿಹಾಸಕಾರರು ಬರೆದಿದ್ದಾರೆ. ಟ್ಯುನೀಸಿಯದ ಕೈರುವಾನ್ ಊರಿನಲ್ಲಿ ಇದೇ ಪದ್ಧತಿಯಾಗಿ ನೆಲೆಯೂರಿ, ಕೈರುವಾನಿ ಮದುವೆ ಎಂದು ಹೆಸರಾಯಿತು. ಗಂಡ ಇನ್ನೊಂದು ಮದುವೆಯಾದರೆ ಬಿಡುಗಡೆಯ ಅಧಿಕಾರ ಹೆಂಡತಿಯ ಕೈಗೆ. ಹನ್ನೆರಡನೇ ಶತಮಾನದ ಮರ್ಗಿನಾನಿಯ ‘ಹಿದಾಯಾ’ ಹನಫಿಗಳ ಮುಖ್ಯ ಗ್ರಂಥ. ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಭಾರತದ ಕೋರ್ಟುಗಳೂ ಅದನ್ನು ಮುಂದಿಟ್ಟುಕೊಂಡವು. ಅದರಲ್ಲಿ ಚರ್ಚಿಸಿರುವ ಒಂದು ಉದಾಹರಣೆ ನಿಲಂಬೂರಿನ ಹುಡುಗಿಗೆಂದೇ ಬರೆದಂತಿದೆ. ಹೆಣ್ಣನ್ನು ಅವಳ ಊರಿನಿಂದ ಹೊರಗೆ ಕರೆದೊಯ್ಯದಿದ್ದರೆ ಮಹರ್ ಸಾವಿರ, ಕರೆದೊಯ್ದರೆ ಎರಡು ಸಾವಿರ. ಇನ್ನೊಬ್ಬಳನ್ನು ತಂದರೂ ಹಾಗೆಯೇ. ಎರಡನೆಯ ಮೊತ್ತದ ಬಗ್ಗೆ ಇಮಾಮರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಊರು ಬಿಡುವ ಹೆಣ್ಣಿಗೆ ಅಪಾಯ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚಿರಲಿ ಎಂಬ ಎಚ್ಚರ ಎಂಟುನೂರು ವರ್ಷಗಳ ಹಿಂದೆಯೇ ಇತ್ತು.

ಬಂಗಾಳದಲ್ಲಿ ಈ ಎಚ್ಚರ ಕಾಗದಕ್ಕೂ ಇಳಿಯಿತು. ಅಲ್ಲಿ 1876ರಲ್ಲಿ ಮುಸ್ಲಿಂ ಮದುವೆ ನೋಂದಣಿಗೆ ಕಾಯ್ದೆ ಬಂತು. ಕಾಬಿನ್‌ನಾಮಾ ಎಂಬ ಮದುವೆ ಪತ್ರದಲ್ಲಿ ಷರತ್ತು ಬರೆಸುವುದು ಅಲ್ಲಿ ರೂಢಿ. ಗಂಡ ತಪ್ಪಿದರೆ ಹೆಂಡತಿ ತಾನೇ ತಲಾಕ್ ತೆಗೆದುಕೊಳ್ಳಬಹುದು, ಇದನ್ನು ತಲಾಕ್‌ ಎ ತಫ್ವೀಜ್ ಎನ್ನುತ್ತಾರೆ. ಹಿಂದಿನ ಹೆಂಡತಿಯನ್ನು ತನ್ನ ಒಪ್ಪಿಗೆಯಿಲ್ಲದೆ ಮನೆಗೆ ತಂದರೆ ಬಿಡುಗಡೆ ಎಂದು ಬರೆಸಿಕೊಂಡಿದ್ದ ಹೆಣ್ಣಿನ ಮೊಕದ್ದಮೆಯಲ್ಲಿ 1955ರಲ್ಲಿ ಅಸ್ಸಾಂ ಹೈಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು. ಪಾಕಿಸ್ತಾನ 1961ರ ಸುಗ್ರೀವಾಜ್ಞೆಯಡಿ ಇದನ್ನೆಲ್ಲ ಅಚ್ಚಿನ ನಮೂನೆಗೆ ತಂದಿತು. ಅಲ್ಲಿನ ನಿಕಾಹ್‌ನಾಮಾದ 18ನೇ ಅಂಕಣ ಹೆಂಡತಿಗೆ ತಲಾಕಿನ ಅಧಿಕಾರ ಕೊಟ್ಟಿದೆಯೇ ಎಂದು ಕೇಳುತ್ತದೆ. 21ನೇ ಅಂಕಣ ಈಗಾಗಲೇ ಹೆಂಡತಿ ಇದ್ದಾಳೆಯೇ, ಇದ್ದರೆ ಅನುಮತಿ ಪಡೆದಿದ್ದಾನೆಯೇ ಎಂದು ಕೇಳುತ್ತದೆ. ಹುಡುಗಿಯ ಮುಂದೆ ಬರುವ ಮೊದಲೇ 18ನೇ ಅಂಕಣಕ್ಕೆ ಅಡ್ಡಗೆರೆ ಎಳೆಯುವ ಚಾಳಿ ಅಲ್ಲಿನ ನಿಕಾಹ್ ರಿಜಿಸ್ಟ್ರಾರರಲ್ಲಿ ಬೆಳೆದದ್ದೂ ನಿಜ. ಆದರೂ ಅಚ್ಚಾದ ಪ್ರಶ್ನೆಗೆ ಒಂದು ಬಲವಿದೆ. ಅದಕ್ಕೆ ಸುಳ್ಳು ಉತ್ತರ ಬರೆದವನು ತನ್ನ ಕೈಯಾರೆ ಪುರಾವೆ ಕೊಟ್ಟಂತಾಗುತ್ತದೆ.

ಹಾಗಿದ್ದರೆ ನಿಲಂಬೂರಿನಲ್ಲಿ, ಮೈಸೂರಿನಲ್ಲಿ ಯಾಕೆ ಯಾರೂ ಷರತ್ತು ಬರೆಸಲಿಲ್ಲ? ಷರತ್ತು ಹಾಕುವುದಕ್ಕೆ ಎದುರಿಗೆ ನಿಂತು ಮಾತಾಡುವ ತಾಕತ್ತು ಬೇಕು. ವರದಕ್ಷಿಣೆ ಬೇಡ ಎಂದ ಗಂಡಿನ ಮುಂದೆ ಬಡವ ತಲೆ ಎತ್ತಿ ಮಾತಾಡಲಾರ. ಗಂಡು ಒಪ್ಪಿದ್ದೇ ದೊಡ್ಡದು ಎಂಬ ಉಪಕಾರದ ಭಾರ ಅವನ ನಾಲಿಗೆಯನ್ನು ಕಟ್ಟಿಹಾಕಿರುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇರುವುದು ಇಲ್ಲೇ. ಷರಿಯತ್ತು ಹೆಣ್ಣಿನ ಕೈಗೆ ಕೊಟ್ಟ ಬೀಗದ ಕೈಯನ್ನು ಕಿತ್ತುಕೊಂಡದ್ದು ವರದಕ್ಷಿಣೆ, ಷರಿಯತ್ತಿನಲ್ಲಿ ಎಲ್ಲಿಯೂ ಇಲ್ಲದ ವರದಕ್ಷಿಣೆ.

ಮೈಸೂರಿನಲ್ಲಿ ಈ ಮಾತನ್ನು ಬಹಳ ಹಿಂದೆಯೇ ಆಡಿದ ಒಬ್ಬ ಹೆಣ್ಣುಮಗಳಿದ್ದಳು. ಇಕ್ಬಾಲುನ್ನಿಸಾ ಹುಸೇನ್ ಹುಟ್ಟಿದ್ದು 1897ರಲ್ಲಿ, ಬೆಂಗಳೂರಿನಲ್ಲಿ. ಹದಿನೈದಕ್ಕೆ ಮದುವೆ, ಗಂಡ ಸಯ್ಯದ್ ಅಹ್ಮದ್ ಹುಸೇನ್ ಮೈಸೂರು ಸರ್ಕಾರದ ಅಧಿಕಾರಿ, ಹೆಂಡತಿಯ ಓದಿಗೆ ಬೆನ್ನೆಲುಬಾದವರು. ಏಳು ಮಕ್ಕಳ ತಾಯಿಯಾದ ಆಕೆ 1930ರಲ್ಲಿ ಮೈಸೂರಿನ ಮಹಾರಾಣಿ ಕಾಲೇಜಿನಿಂದ ಚಿನ್ನದ ಪದಕದೊಡನೆ ಬಿ.ಎ. ಮುಗಿಸಿದರು. 1933ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದರು, 1935ರಲ್ಲಿ ಇಸ್ತಾಂಬುಲ್‌ನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಭಾರತದ ಪರವಾಗಿ ಕುಳಿತರು. 1944ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಅವರ ‘ಪರ್ದಾ ಅಂಡ್ ಪಾಲಿಗಮಿ’ ಎಂಬ ಇಂಗ್ಲಿಷ್ ಕಾದಂಬರಿ ಒಂದು ಉಳ್ಳವರ ಮನೆಯೊಳಗೆ ಒಬ್ಬಳಾದ ಮೇಲೊಬ್ಬಳು ಹೆಂಡತಿ ಬರುವುದನ್ನು, ಪರದೆಯ ಒಳಗೆ ಕುಳಿತವರ ಪರವಾಗಿ ಹೊರಗಿನವರು ಸಂಬಂಧ ಕುದುರಿಸುವುದನ್ನು ತೋರಿಸುತ್ತದೆ. ಇಸ್ಲಾಂ ಕೊಟ್ಟದ್ದನ್ನು ಮುಸ್ಲಿಮರ ರೂಢಿ ಕಿತ್ತುಕೊಂಡಿತು ಎಂಬುದು ಅವರ ವಾದದ ತಿರುಳು. ಆಕೆ ಓದಿದ ಊರಿನಲ್ಲಿ ಆಕೆಯ ಹೆಸರು ಇಷ್ಟು ಮಸುಕಾಗಬಾರದಿತ್ತು.

ಅದೇ ವರ್ಷಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇನ್ನೊಂದು ಕೆಲಸ ನಡೆಯಿತು, ಮೈಸೂರು ಕಲ್ಯಾಣದ ಹೆಂಗಸರಿಗೆ ದಶಕಗಳ ನಂತರ ಉಪಯೋಗಕ್ಕೆ ಬಂದದ್ದು. ಹನಫಿ ಪದ್ಧತಿಯಲ್ಲಿ ಗಂಡ ಊಟ ಹಾಕದೆ ಬಿಟ್ಟರೂ, ನಾಪತ್ತೆಯಾದರೂ ಹೆಂಡತಿಗೆ ಬಿಡುಗಡೆ ಸಿಗುವುದು ಅಸಾಧ್ಯವೆಂಬಷ್ಟು ಕಷ್ಟ. ಬೇರೆ ದಾರಿ ಕಾಣದೆ ಕೆಲವು ಹೆಂಗಸರು ಧರ್ಮ ಬಿಟ್ಟು ಮದುವೆಯಿಂದ ಹೊರಬರತೊಡಗಿದರು. ಇದನ್ನು ಕಂಡು ನೊಂದ ದೇವಬಂದ್ ಪರಂಪರೆಯ ವಿದ್ವಾಂಸ ಅಶ್ರಫ್ ಅಲಿ ಥಾನವಿ 1930ರ ದಶಕದ ಆರಂಭದಲ್ಲಿ ಒಂದು ಗ್ರಂಥ ಬರೆದು, ಈ ವಿಷಯದಲ್ಲಿ ಮಾಲಿಕಿ ಪಂಥದ ಉದಾರ ನಿಯಮಗಳನ್ನು ಎರವಲು ಪಡೆಯಬಹುದು ಎಂದರು. ಅದರ ಬೆನ್ನಿಗೆ ಕಾಜಿ ಮುಹಮ್ಮದ್ ಅಹ್ಮದ್ ಕಾಜ್ಮಿ ಮಂಡಿಸಿದ ಮಸೂದೆ 1939ರಲ್ಲಿ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಾಯಿತು. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಕ್ರೂರವಾಗಿ ನಡೆದುಕೊಂಡರೆ, ಹಲವು ಹೆಂಡತಿಯರಲ್ಲಿ ಕುರಾನಿನ ಆಣತಿಯಂತೆ ಸಮನಾಗಿ ನಡೆದುಕೊಳ್ಳದಿದ್ದರೆ ಕೋರ್ಟು ಮದುವೆ ಮುರಿಯಬಹುದು. ಜೀವನಾಂಶ ನಿಂತಿದ್ದರೆ ಸಾಕು, ಹೆಂಡತಿಯ ತಪ್ಪು ಹುಡುಕಬೇಕಿಲ್ಲ ಎಂದು 1970ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಹೇಳಿದರು. 2020ರಲ್ಲಿ ನಮ್ಮ ಕಲಬುರಗಿ ಹೈಕೋರ್ಟು ಪೀಠ, ಎರಡನೇ ಮದುವೆ ಮುಸ್ಲಿಂ ಗಂಡಸಿಗೆ ಕಾನೂನುಬದ್ಧವಾಗಿದ್ದರೂ ಮೊದಲ ಹೆಂಡತಿಯ ಪಾಲಿಗೆ ಅದು ಕ್ರೌರ್ಯವೇ ಎಂದಿತು.

ಆದರೆ ಇದೆಲ್ಲ ಮೋಸವಾದ ಮೇಲಿನ ಮಾತು. ಎರಡು ವರ್ಷ ಕಾದು, ಮಂಜೇರಿಯದೋ ಮಲಪ್ಪುರಂನದೋ ಕೋರ್ಟಿನ ಮೆಟ್ಟಿಲು ಹತ್ತಿ, ಮೈಸೂರಿನ ಯಾವುದೋ ಸುಳ್ಳು ವಿಳಾಸಕ್ಕೆ ಸಮನ್ಸ್ ಕಳಿಸಿ, ಅದು ಜಾರಿಯಾಗದೆ ವಾಪಸು ಬಂದು, ಮತ್ತೆ ಕಾದು. ಅಷ್ಟರಲ್ಲಿ ಮಗು ಶಾಲೆಗೆ ಸೇರುವ ವಯಸ್ಸಾಗಿರುತ್ತದೆ, ಅಪ್ಪನ ವಿಳಾಸ ಕೇಳಿದರೆ ಬರೆಸಲು ಏನೂ ಇರುವುದಿಲ್ಲ.

ಮೋಸವಾಗುವ ಮೊದಲೇ ತಡೆಯಬೇಕೆಂಬ ಯೋಚನೆ ಕೊನೆಗೆ ಬಂದದ್ದು ನಿಲಂಬೂರಿನಿಂದಲೇ. ಗ್ರಾಮ ಪಂಚಾಯಿತಿಯ ಅಧ್ಯಕ್ಷರಾಗಿದ್ದ ಆರ್ಯಾಡನ್ ಶೌಕತ್ ಸಿನಿಮಾದವರೂ ಹೌದು. ಓದಬೇಕೆಂದಿದ್ದ ಹದಿನೈದರ ಹುಡುಗಿಯನ್ನು ಎರಡನೇ ಹೆಂಡತಿಯಾಗಿ ತಳ್ಳುವ ಕಥೆಯ ‘ಪಾಠಂ ಒನ್ನ್: ಒರು ವಿಲಾಪಂ’ (2003) ಚಿತ್ರಕ್ಕೆ ಬರೆದವರು ಅವರು; ಅದರ ನಟನೆಗೆ ಮೀರಾ ಜಾಸ್ಮಿನ್ ರಾಷ್ಟ್ರಪ್ರಶಸ್ತಿ ಪಡೆದರು. 2009ರಲ್ಲಿ ಅವರ ಪಂಚಾಯಿತಿ ನಿಲಂಬೂರನ್ನು ವರದಕ್ಷಿಣೆ ಇಲ್ಲದ ಊರಾಗಿಸುವ ಚಳವಳಿ ಶುರುಮಾಡಿತು. ದಲ್ಲಾಳಿಯನ್ನು ಮಾತ್ರ ಹಿಡಿಯದೆ ದಲ್ಲಾಳಿಗೆ ದಾರಿ ಮಾಡಿಕೊಟ್ಟ ವರದಕ್ಷಿಣೆಗೇ ಕೈಹಾಕಿದ್ದು ಸರಿಯಾದ ಹೆಜ್ಜೆ ಎಂದೇ ನನ್ನ ಎಣಿಕೆ. ಹುಡುಗಿಯರ ಓದೂ ಜೊತೆಗೂಡಿತು. ಇಂದು ಮಲಪ್ಪುರಂನ ಕಾಲೇಜುಗಳನ್ನು ತುಂಬಿರುವವರು ಹುಡುಗಿಯರು. ಮಲಯಾಳ ಬಿಟ್ಟರೆ ಬೇರೆ ಮಾತು ಬಾರದೆ ಘಾಟಿ ಹತ್ತಿದ ಅಕ್ಕಂದಿರ, ಅತ್ತೆಯರ ಮನೆಗಳಿಂದಲೇ ಬಂದವರು ಅವರಲ್ಲಿ ಇದ್ದಾರು.

ಮೈಸೂರಿನ ಕಡೆ ಅಂಥ ಚಳವಳಿ ಹುಟ್ಟಲಿಲ್ಲ. ಇಲ್ಲಿ ಮಸೀದಿಗಳ ಜಮಾತ್‌ಗಳಿವೆ, ಮಸೀದಿಯ ಆಡಳಿತ ನೋಡುವ ಮುತವಲ್ಲಿಗಳಿದ್ದಾರೆ, ಸರ್‌ಖಾಜಿಗಳ ಹುದ್ದೆ ಇದೆ. 1880ರ ಖಾಜಿಗಳ ಕಾಯ್ದೆ ಖಾಜಿಯನ್ನು ನೇಮಿಸಲು ಸರ್ಕಾರಕ್ಕೆ ಅವಕಾಶ ಕೊಟ್ಟಿತು, ಆದರೆ ತೀರ್ಪು ಕೊಡುವ ಅಧಿಕಾರ ಖಾಜಿಗೆ ಕೊಡಲಿಲ್ಲ. ಖಾಜಿಯೇ ಇಲ್ಲದೆ ನಿಕಾಹ್ ನಡೆದರೂ ಅದು ಕೂಡುತ್ತದೆ ಎಂದಿತು. ಹಾಗೆಂದು ಜಮಾತಿನ ಕೈ ಖಾಲಿಯಲ್ಲ. ಮೊಹಲ್ಲಾದಲ್ಲಿ ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಮದುವೆಯಾಗಿದೆ, ಯಾರ ಹೆಂಡತಿ ತವರಿಗೆ ಹೋಗಿ ಕುಳಿತಿದ್ದಾಳೆ ಎಂಬುದು ಶುಕ್ರವಾರದ ನಮಾಜಿಗೆ ಬರುವ ನಾಲ್ಕು ಹಿರಿಯರಿಗೆ ಗೊತ್ತಿಲ್ಲದೆ ಇರುವುದಿಲ್ಲ. ಕೇಳಿದವರಿಲ್ಲ, ಆದ್ದರಿಂದ ಹೇಳಿದವರೂ ಇಲ್ಲ. ಹಾಸನದ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಿ ಮಸೀದಿಯ ಮುತವಲ್ಲಿಯ ಮುಂದೆ ಹೋಗಿ ನಿಲ್ಲುತ್ತಾಳೆ. ಗಿರೀಶ್ ಕಾಸರವಳ್ಳಿ ಅದನ್ನು ‘ಹಸೀನಾ’ (2004) ಚಿತ್ರವಾಗಿಸಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಕಥೆಯ ಸಿಟ್ಟು ಧರ್ಮದ ಮೇಲಲ್ಲ, ಗೊತ್ತಿದ್ದೂ ಮಾತಾಡದವರ ಮೇಲೆ.

ಸರ್ಕಾರದ ನೋಂದಣಿ ಈ ಮೌನವನ್ನು ಮುರಿಯಬಹುದಿತ್ತು. ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; 1976ರಲ್ಲಿ ರೂಪುಗೊಂಡ ಆ ಕಾಯ್ದೆ 1984ರ 2ನೇ ಕಾಯ್ದೆಯಾಗಿ ಪ್ರಕಟವಾಯಿತು. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲಾ ರಾಜ್ಯಗಳಿಗೂ ಇದನ್ನೇ ಹೇಳಿತು, ಕೇರಳ 2008ರಲ್ಲಿ ತನ್ನ ನಿಯಮ ತಂದಿತು. ಆದರೂ ನೋಂದಣಿ ಇಲ್ಲದ ನಿಕಾಹ್ ಊರ್ಜಿತವೇ ಆದ್ದರಿಂದ ಮೋಸ ಮಾಡುವವನು ನೋಂದಣಿ ಕಚೇರಿಯ ಕಡೆ ತಲೆ ಹಾಕುವುದಿಲ್ಲ. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಮುಸ್ಲಿಂ ದಂಪತಿಗಳಿಗೆ ಮದುವೆ ಪ್ರಮಾಣಪತ್ರ ಕೊಡುವ ಕೆಲಸವನ್ನು ವಕ್ಫ್ ಮಂಡಳಿಗೆ ವಹಿಸಿತು. ವಕ್ಫ್ ಕಾಯ್ದೆಯಲ್ಲಿ ಅಂಥ ಅಧಿಕಾರವಿಲ್ಲವೆಂಬ ಅರ್ಜಿಯ ಮೇಲೆ ಹೈಕೋರ್ಟು 2024ರ ನವೆಂಬರ್‌ನಲ್ಲಿ ಆ ಆದೇಶಕ್ಕೆ ತಡೆ ಕೊಟ್ಟಿತು. 2025ರಲ್ಲಿ ಕೇರಳ ಹೈಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮುಸ್ಲಿಂ ಗಂಡಸು ಎರಡನೇ ಮದುವೆಯನ್ನು ನೋಂದಾಯಿಸಲು ಬಂದರೆ ಮೊದಲ ಹೆಂಡತಿಗೆ ನೋಟಿಸು ಕೊಟ್ಟು ಅವಳ ಮಾತು ಕೇಳಬೇಕು ಎಂದಿತು. ಒಳ್ಳೆಯ ತೀರ್ಪು. ಆದರೆ ಮೊದಲ ಹೆಂಡತಿ ಇದ್ದಾಳೆಂದು ಅವನೇ ಒಪ್ಪಿಕೊಂಡಾಗ ಮಾತ್ರ ಅದು ಕೆಲಸ ಮಾಡುತ್ತದೆ. ಕೇರಳದಲ್ಲಿ ಮದುವೆ ನೋಂದಣಿ ಪಂಚಾಯಿತಿ, ನಗರಸಭೆಗಳಲ್ಲಿ ನಡೆಯುತ್ತದೆ, ಕರ್ನಾಟಕದಲ್ಲಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಮೈಸೂರಿನಲ್ಲಿ ಮೊದಲ ಮದುವೆಯಾದವನ ಹೆಸರು ನಿಲಂಬೂರಿನ ಗುಮಾಸ್ತನ ಪರದೆಯ ಮೇಲೆ ತಾನಾಗಿ ಬರುವುದಿಲ್ಲ.

ಇದಕ್ಕೆ ಹಳೆಯ ಒಂದು ಉಪಾಯವಿದೆ, ಮಲಬಾರಿನ ಮಹಲ್ಲುಗಳಿಗೆ, ಅಂದರೆ ಒಂದೊಂದು ಪಳ್ಳಿಗೆ ಸೇರಿದ ಜಮಾತ್‌ಗಳಿಗೆ, ಅದು ಚೆನ್ನಾಗಿ ಗೊತ್ತು. ತಮ್ಮಲ್ಲೇ ಒಂದು ಮಹಲ್ಲಿನ ಹುಡುಗ ಇನ್ನೊಂದು ಮಹಲ್ಲಿನಲ್ಲಿ ಮದುವೆಯಾಗುವಾಗ ಅವನ ಪಳ್ಳಿಯಿಂದ ಪತ್ರ ತರಬೇಕು: ಇವನು ನಮ್ಮವನು, ಈ ಮದುವೆಗೆ ನಮ್ಮ ತಕರಾರಿಲ್ಲ. ಪತ್ರ ತಾರದವನಿಗೆ ನಿಕಾಹ್ ಓದುವುದಿಲ್ಲ. ಮೈಸೂರಿನಿಂದ ಬಂದ ಹುಡುಗನಿಗೂ ಇದೇ ನಿಯಮವಿರಲಿ, ಆದರೆ ಪತ್ರ ಅವನ ಕೈಯಲ್ಲಿ ಬರುವುದು ಬೇಡ. ನಿಲಂಬೂರಿನ ಮಹಲ್ಲು ನೇರವಾಗಿ ಉದಯಗಿರಿಯ ಮಸೀದಿಗೆ ಬರೆಯಲಿ. ಇವನ ಮನೆ ಯಾವುದು, ಕೆಲಸ ಏನು, ವಯಸ್ಸೆಷ್ಟು, ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆಯೇ ಎಂದು ಕೇಳಲಿ. ಮುತವಲ್ಲಿ ಆ ಮನೆಯ ಹೆಂಗಸರನ್ನೂ ವಿಚಾರಿಸಿ ರುಜು ಹಾಕಿ ಉತ್ತರ ಕಳಿಸಲಿ. ನಿಕಾಹ್ ಪುಸ್ತಕದಲ್ಲಿ ಎರಡು ಸಾಲು ಹೆಚ್ಚಿಗೆ ಬೀಳಲಿ: ತನಗೆ ಬೇರೆ ಹೆಂಡತಿಯಿಲ್ಲವೆಂದು ಹುಡುಗ ಹೇಳಿದ್ದಾನೆ, ಇದು ಸುಳ್ಳೆಂದು ಗೊತ್ತಾದರೆ ತಲಾಕಿನ ಅಧಿಕಾರ ಹುಡುಗಿಗೆ, ಮಹರ್ ದುಪ್ಪಟ್ಟು. ಇದರಲ್ಲಿ ಹೊಸದು ಏನೂ ಇಲ್ಲ, ಹಿದಾಯಾ ಓದಿದ ಯಾವ ಮೌಲ್ವಿಗೂ ಇದು ಅಪರಿಚಿತವಲ್ಲ. ಉತ್ತರ ಬರುವ ತನಕ ನಿಕಾಹ್‌ಗೆ ದಿನ ಗೊತ್ತು ಮಾಡದಿರಲು ಪಳ್ಳಿ ಕಮಿಟಿಗೆ ಸಂಸತ್ತಿನ ಕಾಯ್ದೆಯೂ ಬೇಡ, ವಕ್ಫ್ ಮಂಡಳಿಯ ಆದೇಶವೂ ಬೇಡ.